ಉಬುಂಟುವಿನಲ್ಲಿ ಇಎಸ್‌ಪಿ32 ಬೋರ್ಡಿಗೆ ಪರ್ಮಿಷನ್ ಡಿನೈಡ್ ಬರುತ್ತಿದೆ, ಸಹಾಯ ಮಾಡಿ

ಭತ್ತದಗದ್ದೆ, ಸಿಂಧನೂರು:
ನಮಸ್ಕಾರ. ನಮ್ಮ ಗದ್ದೆ ತುಂಗಭದ್ರಾ ಎಡದಂಡೆ ಕಾಲುವೆ ಕಡೆ ಇದೆ. ರಾತ್ರಿ ನೀರು ಯಾವಾಗ ಬರುತ್ತದೋ ಗೊತ್ತಾಗಲ್ಲ, ಅಪ್ಪ ಟಾರ್ಚ್ ಹಿಡಿದು ಎರಡು ಮೂರು ಸಲ ಎದ್ದು ಹೋಗುತ್ತಾರೆ. ಅದಕ್ಕೇ ಇಎಸ್‌ಪಿ32 ಅನ್ನುವ ಸಣ್ಣ ವೈಫೈ ಬೋರ್ಡಿಗೆ, ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ, ನೀರು ಏರಿದ ಕೂಡಲೇ ಮೊಬೈಲಿಗೆ ಮೆಸೇಜ್ ಬರುವ ಹಾಗೆ ಮಾಡುತ್ತಿದ್ದೇನೆ. ಕೋಡ್ ಅಪ್‌ಲೋಡ್ ಮಾಡಿದರೆ ಟಿಟಿವೈಯುಎಸ್‌ಬಿ0 (ಉಬುಂಟು ಲಿನಕ್ಸಿನಲ್ಲಿ ಬೋರ್ಡಿನ ಪೋರ್ಟಿಗೆ ಇರುವ ಹೆಸರು) ತೆರೆಯಲು ಆಗಲಿಲ್ಲ, ಎರರ್ 13, ಪರ್ಮಿಷನ್ ಡಿನೈಡ್ ಅನ್ನುತ್ತದೆ. ಎಲ್ಲರಿಗೂ ಪರ್ಮಿಷನ್ ಕೊಡುವ ಚ್‌ಮಾಡ್ 666 ಕಮಾಂಡ್ ಕೊಟ್ಟರೆ ನಡೆಯುತ್ತದೆ, ಆದರೆ ಕೇಬಲ್ ತೆಗೆದು ಹಾಕಿದರೆ ಮತ್ತೆ ಅದೇ ಕಥೆ. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಐಡಿಇ (ಕೋಡ್ ಬರೆದು ಅಪ್‌ಲೋಡ್ ಮಾಡುವ ಪ್ರೋಗ್ರಾಂ) ತೆರೆಯಲೇ?

ಬಳ್ಳಾರಿಬಿಸಿಲು:
ಬೇಡ ತಮ್ಮ, ಐಡಿಇಯನ್ನು ಸುಡೋದಲ್ಲಿ ತೆರೆಯಬೇಡಿ. ಆಮೇಲೆ ನಿಮ್ಮದೇ ಫೈಲುಗಳು ರೂಟ್ (ಅಡ್ಮಿನ್) ಹೆಸರಿಗೆ ಹೋಗಿ ಇನ್ನೊಂದು ತಲೆನೋವು. ಕೇಬಲ್ ಹಾಕಿದಾಗಲೆಲ್ಲ ಆ ಪೋರ್ಟಿನ ಫೈಲು ಹೊಸದಾಗಿ ಹುಟ್ಟುತ್ತದೆ, ಅದಕ್ಕೇ ಚ್‌ಮಾಡ್ ನಿಲ್ಲುವುದಿಲ್ಲ. ಆ ಫೈಲಿನ ಮೇಲೆ ಎಲ್‌ಎಸ್ -ಎಲ್ (ಸಣ್ಣ ಅಕ್ಷರದಲ್ಲಿ) ಕಮಾಂಡ್ ಕೊಟ್ಟು ನೋಡಿ, ಓನರ್ ರೂಟ್, ಗ್ರೂಪ್ ಡಯಲ್‌ಔಟ್ ಅಂತ ಇರುತ್ತದೆ. ಹಿಂದೆ ಮೋಡೆಮ್‌ನಿಂದ ಫೋನ್ ಹಚ್ಚುವವರಿಗೆ ಮಾಡಿದ ಗ್ರೂಪ್ ಅದು, ಹೆಸರು ಹಾಗೇ ಉಳಿದಿದೆ. ನೀವು ಆ ಗ್ರೂಪಿಗೆ ಸೇರಿದರೆ ಸಾಕು. ಸುಡೋ ಯೂಸರ್‌ಮಾಡ್, ಒಂದು ಸ್ಪೇಸ್, ಮೈನಸ್, ಸಣ್ಣ ಎ, ದೊಡ್ಡ ಜಿ, ಮತ್ತೆ ಸ್ಪೇಸ್ ಬಿಟ್ಟು ಡಯಲ್‌ಔಟ್, ಕೊನೆಗೆ ನಿಮ್ಮ ಲಾಗಿನ್ ಹೆಸರು. ಆ ಸಣ್ಣ ಎ ಮಾತ್ರ ಮರೆಯಬೇಡಿ! ಅದು ಬಿಟ್ಟುಹೋದರೆ ನೀವು ಮೊದಲಿದ್ದ ಬೇರೆ ಗ್ರೂಪುಗಳಿಂದೆಲ್ಲ ಹೊರಗೆ, ಸುಡೋ ಗ್ರೂಪಿನಿಂದಲೂ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಗಾಗಿ ರಿಕವರಿ ಮೋಡಿಗೆ ಹೋಗಿ ಸರಿಮಾಡಬೇಕಾಯಿತು.

ಭತ್ತದಗದ್ದೆ:
ಮಾಡಿದೆ ಅಣ್ಣ, ಟರ್ಮಿನಲ್ ಮುಚ್ಚಿ ತೆರೆದೆ. ಇನ್ನೂ ಅದೇ ಎರರ್.

ಬಳ್ಳಾರಿಬಿಸಿಲು:
ಟರ್ಮಿನಲ್ ಮುಚ್ಚಿದರೆ ಆಗಲ್ಲ. ಗ್ರೂಪಿನ ಲೆಕ್ಕ ಲಾಗಿನ್ ಆಗುವಾಗ ಮಾತ್ರ ಸಿಗುತ್ತದೆ. ಕೆಲವು ಸಲ ಲಾಗ್‌ಔಟ್ ಮಾಡಿದರೂ ಹಳೆಯ ಸೆಷನ್ ಹಿಂದೆ ಓಡುತ್ತಲೇ ಇರುತ್ತದೆ, ಸುಮ್ನೆ ಒಮ್ಮೆ ರೀಸ್ಟಾರ್ಟ್ ಮಾಡಿಬಿಡಿ. ಆಮೇಲೆ ಗ್ರೂಪ್ಸ್ ಅಂತ ಟೈಪ್ ಮಾಡಿ, ಡಯಲ್‌ಔಟ್ ಕಾಣಿಸಬೇಕು.

ಕೊಪ್ಪಳಕೋಟೆ:
ನಡುವೆ ನನ್ನದೂ ಒಂದು ಪ್ರಶ್ನೆ. ಉಬುಂಟು 22.04, ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಚಿಪ್ ಇರುವ ಆರ್ಡುಯಿನೋ ನ್ಯಾನೋ ಬೋರ್ಡ್. ಡಯಲ್‌ಔಟ್‌ನಲ್ಲಿ ಇದ್ದೇನೆ, ಆದರೆ ಪೋರ್ಟೇ ಕಾಣಿಸುತ್ತಿಲ್ಲ. ಕೇಬಲ್ ಬದಲಿಸಿಯೂ ನೋಡಿದೆ.

ಗಂಗಾವತಿಹುಡುಗಿ:
ನಿಮ್ಮದು ಪರ್ಮಿಷನ್ ತೊಂದರೆ ಅಲ್ಲ ರೀ. ಟರ್ಮಿನಲ್‌ನಲ್ಲಿ ಡಿಎಂಇಎಸ್‌ಜಿ (ಸಿಸ್ಟಂ ಮೆಸೇಜುಗಳನ್ನು ತೋರಿಸುವ ಕಮಾಂಡ್) ಕೊಟ್ಟು ಬಿಆರ್‌ಎಲ್‌ಟಿಟಿವೈ ಅನ್ನುವ ಹೆಸರು ಇದೆಯಾ ನೋಡಿ. ಅದು ಬ್ರೈಲ್ ಡಿಸ್‌ಪ್ಲೇಗಾಗಿ ಇರುವ ಪ್ರೋಗ್ರಾಂ, ಸಿಎಚ್340 ಚಿಪ್ಪಿನ ನಂಬರನ್ನೇ ತನ್ನ ಸಾಧನ ಅಂದುಕೊಂಡು ಪೋರ್ಟನ್ನು ಹಿಡಿದುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಕಣ್ಣು ಕಾಣದವರು ಯಾರೂ ಕೆಲಸ ಮಾಡುವುದಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ತೆಗೆದುಹಾಕಿ, ಬೋರ್ಡನ್ನು ಬಿಚ್ಚಿ ಮತ್ತೆ ಚುಚ್ಚಿ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದರಿಂದಲೇ ಎರಡು ದಿನ ಹಾಳಾಗಿತ್ತು, ಎಲ್ಲರೂ ಬೋರ್ಡ್ ಕೆಟ್ಟಿದೆ ಅಂದುಕೊಂಡಿದ್ದೆವು. ಅಂದಹಾಗೆ ಉಬುಂಟು ಬದಲು ಆರ್ಚ್ ಲಿನಕ್ಸ್ ಬಳಸುವವರಿಗೆ ಗ್ರೂಪಿನ ಹೆಸರು ಡಯಲ್‌ಔಟ್ ಅಲ್ಲ, ಯುಯುಸಿಪಿ.

ಕೊಪ್ಪಳಕೋಟೆ:
ಅದೇ ಇತ್ತು! ತೆಗೆದೆ, ಪೋರ್ಟ್ ಬಂತು. ತುಂಬಾ ಥ್ಯಾಂಕ್ಸ್ ಅಕ್ಕ.

ಭತ್ತದಗದ್ದೆ:
ರೀಸ್ಟಾರ್ಟ್ ಆದ ಮೇಲೆ ನನ್ನದೂ ಅಪ್‌ಲೋಡ್ ಆಯಿತು ಅಣ್ಣ, ಸುಡೋ ಇಲ್ಲದೆ. ಬಕೆಟ್ಟಿನಲ್ಲಿ ನೀರು ಹಾಕಿ ನೋಡಿದೆ, ಮೆಸೇಜ್ ಬಂತು. ನಾಳೆ ಅಪ್ಪನ ಜೊತೆ ಹೋಗಿ ಬದುವಿನ ಹತ್ತಿರ ಕಂಬ ನೆಡುತ್ತೇನೆ.