ಸಹಾಯ ಬೇಕು: ಹಣದುಬ್ಬರದ ಅಂಕಿಗಳಲ್ಲಿ ಸಿಕ್ಕಿಕೊಂಡಿದ್ದೇನೆ

ನಮಸ್ಕಾರ. ಮುಂದೆ ಬೆಲೆ ಎಷ್ಟು ಏರುತ್ತದೋ ಗೊತ್ತಾಗದಿದ್ದರೆ ಕಂಪನಿಗಳು ಹೂಡಿಕೆ ಮುಂದೂಡುತ್ತವಾ? ಎಂ.ಎ. ಪ್ರಬಂಧಕ್ಕೆ ಇದನ್ನೇ ಹಿಡಿದಿದ್ದೇನೆ. 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಹಣದುಬ್ಬರವನ್ನು ಶೇ 4ರಲ್ಲಿ ಇಡುವ ಗುರಿ ಬಂತಲ್ವಾ, ಅದರ ಹಿಂದುಮುಂದಿನ ವರ್ಷಗಳನ್ನು ಹೋಲಿಸಬೇಕು. ಅನಿಶ್ಚಿತತೆ ಅಳೆಯಲು ಗಾರ್ಚ್ ಮಾದರಿ, ಅಂದರೆ ಏರಿಳಿತದ ಪ್ರಮಾಣ ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಎಂದು ಅಂದಾಜಿಸುವ ಲೆಕ್ಕ. ಅರ್ಥಶಾಸ್ತ್ರಜ್ಞ ರಾಬರ್ಟ್ ಎಂಗಲ್ 1982ರಲ್ಲಿ ಬ್ರಿಟನ್ನಿನ ಹಣದುಬ್ಬರಕ್ಕೆ ಬಳಸಿದ ಆರ್ಚ್‌ನ ತಮ್ಮ ಅನ್ನಿ. ಅದೇನೋ ಓಡುತ್ತಿದೆ.

ತೊಂದರೆ ಬೇರೆ. ಗ್ರಾಹಕ ಬೆಲೆ ಸೂಚ್ಯಂಕ ತಿಂಗಳಿಗೊಮ್ಮೆ, ಹೂಡಿಕೆಯ ಅಂಕಿ ಮೂರು ತಿಂಗಳಿಗೊಮ್ಮೆ. ಸರಾಸರಿ ತೆಗೆದುಕೊಳ್ಳಲಾ, ಕೊನೆಯ ತಿಂಗಳದ್ದಾ? ಇನ್ನು 2020ರ ಏಪ್ರಿಲ್, ಮೇ. ಲಾಕ್‌ಡೌನ್‌ನಲ್ಲಿ ಬೆಲೆಗಳು ಪೂರ್ತಿ ಸಿಗದೆ ಅಂದಾಜಿನ ಸೂಚ್ಯಂಕ ಕೊಟ್ಟಿದ್ದರು. ಆ ಎರಡು ತಿಂಗಳು ಇಟ್ಟುಕೊಳ್ಳಲಾ, ಬಿಡಲಾ? ಗೈಡ್ ಕೇಳಿದರೆ ‘ನೀನೇ ನೋಡು’ ಅಂದರು. ಇಂಥದ್ದು ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಆರ್ (ಅಂಕಿಅಂಶದ ಸಾಫ್ಟ್‌ವೇರ್) ಕೋಡ್ ಬೇಕಿದ್ದರೆ ಹಾಕುತ್ತೇನೆ.