ಪಂಡೋರಾಳ ಪೆಟ್ಟಿಗೆ ಪೆಟ್ಟಿಗೆಯೇ ಅಲ್ವಂತೆ! ಕನ್ನಡದಲ್ಲಿ ಏನನ್ನಲಿ?

ತೀರ್ಥಹಳ್ಳಿ ಮೇಷ್ಟ್ರು:
ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೇ ಕ್ಲಾಸಿನವರಿಂದ ಗ್ರೀಕ್ ಪುರಾಣದ ಪಂಡೋರಾ ಕಥೆ ಆಡಿಸುತ್ತಿದ್ದೇನೆ. ಮುಚ್ಚಳ ತೆಗೆದು ಲೋಕಕ್ಕೆಲ್ಲ ಕೆಡುಕು ಹಾರಿಬಿಟ್ಟವಳು ಅವಳು. ಬಣ್ಣದ ಕಾಗದ ಅಂಟಿಸಿ ಪೆಟ್ಟಿಗೆಯೂ ರೆಡಿ ಆಗಿತ್ತು. ಆಮೇಲೆ ನೋಡಿದರೆ, ಸುಮಾರು 2,700 ವರ್ಷದ ಹಿಂದೆ ಗ್ರೀಕ್ ಕವಿ ಹೆಸಿಯಡ್ ಹೇಳಿದ್ದು 'ಪಿಥೋಸ್' ಅಂತ. ಎಣ್ಣೆ, ವೈನು, ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. 16ನೇ ಶತಮಾನದಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್ನಿನಲ್ಲಿ ಬರೆಯುವಾಗ ಅದು 'ಪಿಕ್ಸಿಸ್' ಆಯಿತು, ಅಂದರೆ ಪೆಟ್ಟಿಗೆ. ಗ್ರೀಸಿನ ಹಳ್ಳಿಗರ ಬಾಯಲ್ಲಿ ಹಳೇ ಮಾತೇ 'ಪಿಥಾರಿ' ಆಗಿ ಉಳಿದಿದೆ. ನಮ್ಮ ಕಡೆ ಇದಕ್ಕೇನನ್ನೋಣ? 'ಜಾಡಿ' ಯಾಕೋ ಸಪ್ಪೆ.

ಸಾಗರದವಳು:
ಭರಣಿ ಅನ್ನಿ ಸಾರ್. ಮಲೆನಾಡಿನ ಮಕ್ಕಳಿಗೆ ಬಿಡಿಸಿ ಹೇಳೋದೇ ಬೇಡ.

ತೀರ್ಥಹಳ್ಳಿ ಮೇಷ್ಟ್ರು:
ನಿನ್ನೆ ಅದನ್ನೇ ಅಂದು ನೋಡಿದೆ ತಾಯಿ. ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಒಳಗೆ ಅಪ್ಪೆಮಿಡಿ ಇತ್ತಾ?" ಅಂದ. ರಿಹರ್ಸಲ್ ಅಲ್ಲಿಗೆ ಮುಗಿಯಿತು.

ಹೊಸನಗರ ಹುಡುಗ:
ಹಂಡೆ? ನಮ್ಮ ಬಚ್ಚಲ ಹಂಡೆ ಒಲೆಗೆ ಮೆತ್ತಿ ಕೂರಿಸಿದ್ದು, ಅಲ್ಲಾಡಲ್ಲ. ಪಿಥೋಸನ್ನೂ ಎಷ್ಟೋ ಕಡೆ ಅರ್ಧ ನೆಲದಲ್ಲಿ ಹೂತಿಡುತ್ತಿದ್ದರಲ್ಲ.

ಕೊಪ್ಪದ ಅಜ್ಜಿಮನೆ:
ಹಂಡೆ ತಾಮ್ರದ್ದು, ಸ್ನಾನದ ನೀರಿಗೆ. ಬೇಡ. ಕಣಜವೂ ಆಗಲ್ಲ. ಯಾಕೆ ಗೊತ್ತಾ? ಕೆಡುಕೆಲ್ಲ ಹಾರಿಹೋದ ಮೇಲೆ ಭರವಸೆಯೊಂದೇ ಒಳಗೆ ಉಳಿಯುತ್ತೆ, ಅದೂ ಬಾಯಿಯ ಅಂಚಿನ ಕೆಳಗೆ. ಅಂದಮೇಲೆ ಬಾಯಿ ಒಳಕ್ಕೆ ಬಾಗಿರಲೇಬೇಕು. ನಮ್ಮ ಅಟ್ಟದಲ್ಲಿ ಹುಣಸೆಹಣ್ಣಿನ ಗುಡಾಣ ಇತ್ತು. ಖಾಲಿ ಆದರೂ ಕಂಠದ ಕೆಳಗಿನ ಒಳಬಾಗಿನಲ್ಲಿ ಒಂದು ಉಂಡೆ ಅಂಟಿಕೊಂಡಿರೋದು. ಕೈ ಹಾಕಿದರೆ ತಳ ಸಿಗುತ್ತಿತ್ತು, ಆ ಉಂಡೆ ಸಿಗುತ್ತಿರಲಿಲ್ಲ. ಮಣಿಕಟ್ಟು ಅಷ್ಟು ಮೇಲಕ್ಕೆ ತಿರುಗಬೇಕಲ್ಲ! ಅಜ್ಜಿ ಮಾತ್ರ ಎರಡೇ ಬೆರಳಲ್ಲಿ ಕೀಳುತ್ತಿದ್ದಳು. ಗುಡಾಣ ಅನ್ನಿ. ಕ್ರೀಟ್ ದ್ವೀಪದ ಕ್ನಾಸಸ್ ಅರಮನೆಯ ಆಳೆತ್ತರದ ಪಿಥೋಸ್‌ಗಳಿಗೂ ಈ ಮಾತೇ ಸರಿ.

ತೀರ್ಥಹಳ್ಳಿ ಮೇಷ್ಟ್ರು:
ಗುಡಾಣವೇ ಆಯಿತು. ನಮ್ಮ ಹುಡುಗರಿಗೆ 'ಗುಡಾಣದಂಥ ಹೊಟ್ಟೆ' ಅನ್ನೋದಷ್ಟೇ ಗೊತ್ತು. ಹೇಳುವಾಗ ಎಲ್ಲರೂ ನನ್ನ ಹೊಟ್ಟೆ ನೋಡಿದರು, ಇರಲಿ. ಈಗ ನಿಜವಾದ ಗುಡಾಣ ಬೇಕಲ್ಲ. ಯಾರ ಅಟ್ಟದಲ್ಲಾದರೂ ಇದೆಯಾ? ಬಿರುಕು ಬಿಟ್ಟಿದ್ದರೂ ಪರವಾಗಿಲ್ಲ, ಶನಿವಾರದೊಳಗೆ ಸಿಕ್ಕರೆ ಸಾಕು.