ಟೆಫ್ಲಾನ್ ನಿಜವಾಗಿ ನೀರನ್ನು ದೂರ ತಳ್ಳುತ್ತದಾ?

ಪ್ರಶ್ನೆ:
ಟೆಫ್ಲಾನ್ ಹಾಳೆ ಮೇಲೆ ನೀರು ಹರಡುವುದಿಲ್ಲ, ಗುಂಡಗೆ ನಿಲ್ಲುತ್ತದೆ. ಅದು ನೀರನ್ನು ದೂರ ತಳ್ಳುತ್ತದೆ ಅಂತಲೇ ಎಲ್ಲರೂ ಹೇಳುತ್ತಾರೆ. ಆದರೆ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದರೂ ಚಿಕ್ಕ ಹನಿಗಳು ಬೀಳದೆ ನೇತಾಡುತ್ತವೆ. ತಳ್ಳುವುದಾದರೆ ಬೀಳಬೇಕಿತ್ತು ಅಲ್ವಾ? ಎರಡರ ನಡುವೆ ಗಾಳಿ ಇದೆಯಾ?

ಉತ್ತರ 1:
ತಳ್ಳುವ ಬಲ ಅಂತ ಯಾವುದೂ ಇಲ್ಲ. ಟೆಫ್ಲಾನ್ ಕೂಡ ನೀರನ್ನು ಸೆಳೆಯುತ್ತದೆ, ಆದರೆ ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ (ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಮ್ಲಜನಕಕ್ಕೂ ಇರುವ ಸೆಳೆತ) ಒಂದನ್ನೊಂದು ಹಿಡಿದುಕೊಳ್ಳುವುದು ಅದಕ್ಕಿಂತ ತುಂಬಾ ಜಾಸ್ತಿ. ಹರಡಬೇಕಾದರೆ ಆ ಬಂಧಗಳನ್ನು ಬಿಡಬೇಕು, ಬದಲಿಗೆ ಸಿಗುವುದು ಕಡಿಮೆ. ಅದಕ್ಕೇ ಮುದುಡಿಕೊಳ್ಳುತ್ತದೆ. ನಯವಾದ ಟೆಫ್ಲಾನ್ ಮೇಲೆ ಹನಿಯ ಅಂಚಿನ ಕೋನ (ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವಲ್ಲಿ ನೀರಿನ ಒಳಗಿನಿಂದ ಅಳೆಯುವ ಕೋನ) ಸುಮಾರು 110 ಡಿಗ್ರಿ. ಸೆಳೆತವೇ ಇಲ್ಲದಿದ್ದರೆ 180 ಇರಬೇಕಿತ್ತು. ಈ ಕೋನದಿಂದ ಲೆಕ್ಕ ಹಾಕಿದರೆ, ನೀರು ನೀರಿಗೆ ಅಂಟುವುದರ ಸುಮಾರು ಮೂರನೇ ಒಂದು ಭಾಗದಷ್ಟು ಟೆಫ್ಲಾನ್‌ಗೂ ಅಂಟುತ್ತದೆ. ಅದೇನು ಸಣ್ಣದಲ್ಲ, ಚಿಕ್ಕ ಹನಿಗಳು ಬೀಳದೆ ನೇತಾಡುವುದು ಅದಕ್ಕೇ!

ಉತ್ತರ 2:
ಗಾಳಿಯ ವಿಷಯ ಹೇಳುತ್ತೇನೆ. ಮೇಲ್ಮೈ ನಯವಾಗಿದ್ದರೆ ನಡುವೆ ಗಾಳಿಯ ಪದರ ಇರಬೇಕಾಗಿಲ್ಲ. ಎಕ್ಸ್-ರೇ ಅಳತೆಗಳಲ್ಲಿ ನೀರು ಸ್ವಲ್ಪ ವಿರಳವಾದ ಒಂದು ತೆಳು ಪಟ್ಟಿ ಕಾಣುತ್ತದೆ, ಆದರೆ ಅದರ ದಪ್ಪ ಹೆಚ್ಚುಕಡಿಮೆ ಒಂದು ಅಣುವಿನಷ್ಟು ಅಷ್ಟೇ. ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಅಲ್ಲಿರುವ ಅಣುಗಳ ಪಾಡು. ಒಳಗಿನ ಅಣುವಿಗೆ ಸುತ್ತಲೂ ಸುಮಾರು 4 ಬಂಧ ಸಿಗುತ್ತವೆ. ಗಡಿಯಲ್ಲಿ ಆ ಕಡೆ ಹಿಡಿದುಕೊಳ್ಳಲು ಏನೂ ಇಲ್ಲ, ಹಾಗಾಗಿ ಕೆಲವು ಅಣುಗಳ ಒಂದು ಹೈಡ್ರೋಜನ್ ತುದಿ ಬಂಧವಿಲ್ಲದೆ ಮೇಲ್ಮೈ ಕಡೆ ಚಾಚಿಕೊಂಡಿರುತ್ತದೆ. ಇದು ಸುಮ್ನೆ ಊಹೆಯಲ್ಲ, ಆ ತುದಿಯ ಕಂಪನವನ್ನು 1994ರಲ್ಲೇ ಲೇಸರ್ ಪ್ರಯೋಗದಲ್ಲಿ ಹಿಡಿದಿದ್ದಾರೆ.

ಪ್ರಶ್ನೆ ಕೇಳಿದವರು:
ಹಾಗಾದರೆ ತಾವರೆ ಎಲೆ? ಅಲ್ಲಿ ಹನಿ ನಿಲ್ಲುವುದೇ ಇಲ್ಲವಲ್ಲ, ಉರುಳಿ ಹೋಗುತ್ತದೆ.

ಉತ್ತರ 3:
ಅಲ್ಲಿ ಮಾತ್ರ ನಿಜವಾಗಿ ಗಾಳಿ ಇದೆ. ನಯವಾದ ಮೇಲ್ಮೈ ಮೇಲೆ ಏನೇ ಲೇಪನ ಬಳಿದರೂ ಕೋನ ಸುಮಾರು 120 ಡಿಗ್ರಿ ದಾಟುವುದಿಲ್ಲ. ತಾವರೆ ಎಲೆಯಲ್ಲಿ 150ಕ್ಕೂ ಜಾಸ್ತಿ, ಯಾಕೆಂದರೆ ಎಲೆ ತುಂಬ ಕಣ್ಣಿಗೆ ಕಾಣದ ಉಬ್ಬುಗಳಿವೆ, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಎಳೆಗಳಿವೆ, ಹನಿ ಅವುಗಳ ತುದಿಯನ್ನಷ್ಟೇ ಮುಟ್ಟುತ್ತದೆ, ಉಳಿದ ಕಡೆ ಕೆಳಗೆ ಗಾಳಿ. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬ ವಿಜ್ಞಾನಿಗಳು ಇದಕ್ಕೆ ಸೂತ್ರ ಕೊಟ್ಟರು. ಆದರೆ ಇಂಥ ಒರಟು ಮೇಲ್ಮೈಯಲ್ಲಿ ನೀರನ್ನು ಜೋರಾಗಿ ಒತ್ತಿದರೆ, ಅಥವಾ ಆವಿ ಸಂದುಗಳೊಳಗೇ ತಣಿದು ನೀರಾದರೆ, ಗಾಳಿ ಹೊರಟುಹೋಗುತ್ತದೆ. ಆಮೇಲೆ ಹನಿ ಉರುಳುವುದಿಲ್ಲ, ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.